ಮುಂಬೈಗೆ ಹೋದ ಮಲ್ಲಿಗೆ

ಮೊನ್ನೆ ಹೊನ್ನಾವರದಲ್ಲಿ ಬಸ್ ಹತ್ತಿದೆ. ಮುಂದಿನ ಸೀಟಿನ ಹುಡುಗಿಯ ಜಡೆಯಲ್ಲಿ ಭಟ್ಕಳ ಮಲ್ಲಿಗೆ ಇತ್ತು. ಕಿಟಕಿಯ ಗಾಳಿಗೆ ಘಮ ಮುಖಕ್ಕೇ ಹೊಡೆಯಿತು. ಕುಮಟಾ ಬರುವವರೆಗೂ ನಾನು ಫೋನ್ ನೋಡಲಿಲ್ಲ, ಪಕ್ಕದವರ ಹತ್ತಿರ ಮಾತಾಡಲಿಲ್ಲ. ಮುಟ್ಟಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹೂವಿನಕ್ಕನೇ ತಲೆ ತುಂಬ ಕೂತಿದ್ದಳು...

ಅವಳ ಗಂಡ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮೂಲೆ ಹಿಡಿದಿದ್ದ. ಅಂಗಳದ ಮಲ್ಲಿಗೆಯೇ ಆ ಮನೆಯ ಅನ್ನ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಕೇರಿಯ ಮನೆಮನೆಗೂ ಒಂದೊಂದು ಮೊಳ ಕೊಡುತ್ತಿದ್ದಳು. ಇದ್ದವರು ದುಡ್ಡು ಕೊಡುತ್ತಿದ್ದರು, ಇಲ್ಲದವರು ತೆಂಗಿನಕಾಯಿ, ಬಂಗುಡೆ ಮೀನು. ನನ್ನ ಅತ್ತೆ ಹಲಸಿನ ಹಪ್ಪಳ. ಹೂ ಸಾಲದ ದಿನ ಮೊಳವನ್ನೇ ಗೇಣು ಮಾಡಿ ಹಂಚುತ್ತಿದ್ದಳೇ ಹೊರತು ಯಾರ ಬಾಗಿಲನ್ನೂ ಬಿಡುತ್ತಿರಲಿಲ್ಲ.

ಆಮೇಲೆ ಪೇಟೆಯ ವ್ಯಾಪಾರಿಯೊಬ್ಬ ಬಂದ. ಮುಂಬೈಗೆ ಹೂ ಕಳಿಸುವವನು. ಎಷ್ಟಿದ್ದರೂ ತನಗೇ ಬೇಕು, ಬೇರೆ ಯಾರಿಗೂ ಕೊಡಬಾರದು ಅಂದ. ಒಳ್ಳೆಯ ಮನುಷ್ಯನೇ, ಸುಳ್ಳು ಹೇಳಬಾರದು. ಹೇಳಿದ ದರ ಕೊಡುತ್ತಿದ್ದ. ಅಕ್ಕ ಬಸಳೆ ಚಪ್ಪರ ಕಿತ್ತು, ಹರಿವೆ ಮಡಿ ಅಗೆದು, ಎಲ್ಲ ಕಡೆ ಮಲ್ಲಿಗೆ ನೆಟ್ಟಳು. ಕೇರಿಗೆ ಹೂ ನಿಂತಿತು. ಹೆಂಗಸರು ಸ್ವಲ್ಪ ದಿನ ಗೊಣಗಿದರು. ಆಮೇಲೆ ಪೇಟೆಯಿಂದ ತರುವುದು ರೂಢಿಯಾಯಿತು, ಒಬ್ಬಿಬ್ಬರು ತಮ್ಮ ಅಂಗಳದಲ್ಲೇ ಗಿಡ ಮಾಡಿಕೊಂಡರು.

ನನ್ನ ಸೀಮಂತದ ದಿನ ಎರಡು ಮೊಳ ಕೇಳಲು ನಾನೇ ಹೋಗಿದ್ದೆ. ಜಗಲಿಯಲ್ಲಿ ಬುಟ್ಟಿ ತುಂಬ ಹೂ ಇತ್ತು.

"ಇವತ್ತು ಇಲ್ಲ ತಂಗಿ," ಅಂದಳು ಅಕ್ಕ. "ಕಮ್ಮಿ ಆದ್ರೆ ಅವ್ರು ನಾಳೆ ಮತ್ತೊಬ್ರ ಹತ್ರ ಹೋಗ್ತಾರೆ. ನಾ ಎಂತ ಮಾಡೂದು, ಹೇಳು?"

ಆ ಹೊಟ್ಟೆ ಹೊತ್ತುಕೊಂಡು ಬರಿಗೈಯಲ್ಲಿ ವಾಪಸು ಬಂದೆ. ನಾನು ಸಿಟ್ಟು ಇಟ್ಟುಕೊಳ್ಳುವ ಪೈಕಿ. ಎರಡು ವರ್ಷ ಬೇಲಿಯಾಚೆ ತಿರುಗಿ ನೋಡಲಿಲ್ಲ.

ಆ ವ್ಯಾಪಾರಿಗೆ ಎದೆನೋವು ಬಂತು. ವ್ಯಾಪಾರ ಮುಚ್ಚಿ ಮಂಗಳೂರಿಗೆ, ಮಗಳ ಮನೆಗೆ ಹೋದ. ಅಕ್ಕನಿಗೆ ಒಂದು ಫೋನ್ ಬಂತು, ಅಷ್ಟೇ. ಗಿಡಗಳಿಗೆ ಅದೆಲ್ಲಿ ಗೊತ್ತು... ಮಾರನೆಯ ದಿನವೂ ಮೊಗ್ಗು ಬಿಟ್ಟವು. ಪೇಟೆಯ ಉಳಿದ ಅಂಗಡಿಗಳಿಗೆ ಹೂ ಕೊಡುವ ಮನೆಗಳು ಮೊದಲೇ ನಿಗದಿಯಾಗಿದ್ದವು. ಅಲ್ಲಿ ಇವಳಿಗೆ ಜಾಗವಿರಲಿಲ್ಲ. ನೆಚ್ಚಿದ ಎಮ್ಮೆ ಕೋಣ ಈಯಿತು ಎಂದು ಕೇರಿಯಲ್ಲಿ ನಕ್ಕರು. ನಾನೂ ನಕ್ಕೆ.

ಅವಳು ಬಾಳೆಲೆಯ ಪೊಟ್ಟಣ ಹಿಡಿದು ಮತ್ತೆ ಮನೆಮನೆ ತಿರುಗಿದಳು. ನಮ್ಮ ಬಾಗಿಲಿಗೂ ಬಂದಳು.

"ತಂಗಿ, ಹೂ ತಂದಿದ್ದೆ. ಮೊದಲಿನ ಹಾಂಗೆ ದಿನಾ ಒಂದು ಮೊಳ ತಕೊಂಡ್ರೆ..."

"ಬ್ಯಾಡ ಅಕ್ಕ," ಅಂದೆ. "ಪೇಟೆಯಿಂದ ತಂದು ಮುಡ್ದಾಯ್ತು."

"ಆತು," ಅಂದಳು. ಮೆಟ್ಟಿಲಿಳಿದು ಹೋದಳು.

ಮಳೆಗಾಲಕ್ಕೆ ಮೊದಲು ಗಿಡ ಕಡಿಸಿ, ಗಂಡನನ್ನು ಕರೆದುಕೊಂಡು ಕುಮಟಾಕ್ಕೆ ತನ್ನ ತಂಗಿಯ ಮನೆಗೆ ಹೋದಳು. ಅಲ್ಲಿ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ. ಬೀಜ ಸುಲಿದು ಸುಲಿದು ಹೂ ಕಟ್ಟುತ್ತಿದ್ದ ಬೆರಳಿನ ಚರ್ಮವೆಲ್ಲ ಎದ್ದು ಹೋಗಿತ್ತಂತೆ. ಹೋದ ವರ್ಷ ತೀರಿಕೊಂಡಳು ಎಂದು ಯಾರೋ ಹೇಳಿದರು.

ನಾನೀಗ ತಿಂಗಳಿಗೆರಡು ಸಲ ಕುಮಟಾಕ್ಕೆ ಹೋಗಿಬರುತ್ತೇನೆ. ಆ ತಂಗಿಯ ಮನೆ ಎಲ್ಲಿ ಎಂದು ಇನ್ನೂ ವಿಚಾರಿಸಿಲ್ಲ. ಹೋಗಿ ಏನೆಂದು ಹೇಳಲಿ? ಅವಳು ಪೊಟ್ಟಣ ಹಿಡಿದು ಬಂದ ದಿನ ನಮ್ಮ ಮನೆಗೆ ಪೇಟೆಯಿಂದ ಯಾರೂ ಹೂ ತಂದಿರಲಿಲ್ಲ. ಬೋಳು ಜಡೆಯನ್ನು ಮುಂದೆ ಹಾಕಿಕೊಂಡೇ ಬಾಗಿಲಲ್ಲಿ ನಿಂತಿದ್ದೆ. ಅವಳು ಅದನ್ನು ನೋಡಿಯೇ ಆತು ಅಂದಿದ್ದಳು.