ನಾನು ಕಾಲಿಡದ ಅಂಗಡಿಗಳು

ಬೆಳ್ತಂಗಡಿಯ ಒಂದು ಫರ್ನಿಚರ್ ಅಂಗಡಿಗೆ ನಾನು ಮಾಡಿದ ಮೊದಲ ಜಾಹೀರಾತಿನಲ್ಲಿ ಆ ಅಂಗಡಿಯದ್ದೆಂದು ಇದ್ದದ್ದು ಹೆಸರು ಮತ್ತು ಫೋನ್ ನಂಬರು ಮಾತ್ರ. ಮರವನ್ನು ಉಜ್ಜಿ ನುಣುಪು ಮಾಡುವ ಕೈ ಯಾವ ದೇಶದ್ದೋ, ಸೋಫಾದ ಮೇಲೆ ಕುಣಿಯುವ ಮಕ್ಕಳು ಯಾರ ಮನೆಯವರೋ. ಎಲ್ಲವೂ ಸ್ಟಾಕ್ ವಿಡಿಯೋ. ಯಾರೋ ಎಲ್ಲೋ ಚಿತ್ರೀಕರಿಸಿ, ಬೇಕಾದವರು ಬಳಸಿಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟ ತುಣುಕುಗಳು. ಅದರ ಹಿಂದೆ ನನ್ನದೇ ಧ್ವನಿಯಲ್ಲಿ ನಾಲ್ಕು ಮಾತು ಕೂಡಿಸಿದ್ದೆ. ಅಂಗಡಿಯವರಿಗೆ ಖುಷಿಯೋ ಖುಷಿ. "ನಮ್ಮ ಅಂಗಡಿ ಇಷ್ಟು ಚಂದ ಉಂಟು ಅಂತ ನಮಗೇ ಗೊತ್ತಿರಲಿಲ್ಲ ಮೇಡಂ" ಎಂದರು.

ಮದುವೆಗೆ ಮೊದಲು ನಾನು ಬಿ.ಸಿ.ರೋಡಿನ ಒಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಮಾಡುತ್ತಿದ್ದವಳು. ಮದುವೆಯಾಗಿ ನದಿಬದಿಯ ನರಿಕೊಂಬಿಗೆ ಬಂದ ಮೇಲೆ ಕೆಲಸ ಬಿಟ್ಟೆ. ಬಿಡು ಎಂದು ಯಾರೂ ಹೇಳಲಿಲ್ಲ. ಗಂಡ ರಜೆ ಮುಗಿಸಿ ಗಲ್ಫಿಗೆ ಹೋದರು. ಮನೆಯಲ್ಲಿ ಉಳಿದವರು ಅತ್ತೆ ಮತ್ತು ನಾನು. ನಾನು ಚಪ್ಪಲಿ ಮೆಟ್ಟಿದರೆ ಅತ್ತೆ "ಎಲ್ಲಿಗೆ?" ಎನ್ನುತ್ತಿದ್ದರು. ಅದರಲ್ಲಿ ಗದರಿಕೆ ಇರಲಿಲ್ಲ. ಆದರೂ ಪ್ರತಿ ಸಲ ಉತ್ತರ ಕೊಟ್ಟು ಕೊಟ್ಟು, ಉತ್ತರ ಕೊಡಬೇಕಾದ ಕಡೆಗೆಲ್ಲ ಹೋಗುವುದೇ ನಿಂತಿತು.

ಆಗ ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಈ ಕೆಲಸ ಶುರುಮಾಡಿದೆ. ಬಹಳ ಬೇಗ ಕೈಗೆ ಬಂತು. ಮುಖ ಕಾಣುವ ತುಣುಕು ತೆಗೆದುಕೊಳ್ಳಬಾರದು, ಮುಖ ಕಂಡ ಕೂಡಲೇ ಜನಕ್ಕೆ ಇದು ನಮ್ಮೂರಲ್ಲ ಎಂದು ಗೊತ್ತಾಗುತ್ತದೆ. ಕೈ, ಬೆನ್ನು, ಬಟ್ಟೆಯ ನೆರಿಗೆ, ಚಹಾದ ಹಬೆ ಇಂಥವು ಎಲ್ಲಿಯವಾದರೂ ನಡೆಯುತ್ತವೆ. ವ್ಯಾಪಾರಕ್ಕೆ ಬಳಸಬಹುದೇ ಎಂದು ಮೊದಲೇ ಓದಿ ನೋಡಬೇಕು. ಹುಡುಕಾಟದಲ್ಲಿ ಮೊದಲು ಬರುವುದನ್ನು ಬಿಟ್ಟು ಕೆಳಗೆ ಹೋಗಬೇಕು, ಇಲ್ಲವಾದರೆ ಎದುರಿನ ಅಂಗಡಿಯವನ ಜಾಹೀರಾತಿನಲ್ಲೂ ಅದೇ ಇರುತ್ತದೆ. ಗಂಡ ಫೋನಿನಲ್ಲಿ ಕೇಳಿದಾಗ ನಾನೇ ಹೆಮ್ಮೆಯಿಂದ ಹೇಳಿದ್ದೆ: "ಎಲ್ಲಿಗೂ ಹೋಗ್ಲಿಕ್ಕಿಲ್ಲ. ಎಲ್ಲ ಇದರಲ್ಲೇ ಸಿಗ್ತದೆ."

ವೇಣೂರಿನಲ್ಲಿ ಬ್ಯೂಟಿ ಪಾರ್ಲರ್ ಇಟ್ಟ ಒಬ್ಬಳು ಕರೆ ಮಾಡಿದ್ದು ಮದುವೆಗಳು ಶುರುವಾಗುವ ಹೊತ್ತಿನಲ್ಲಿ. ಮದುಮಗಳ ಅಲಂಕಾರದ ಬಗ್ಗೆ ಒಂದು ವಿಡಿಯೋ ಬೇಕಿತ್ತು ಅವಳಿಗೆ. ಹುಡುಕಿ, ಇದ್ದದ್ದರಲ್ಲಿ ಒಳ್ಳೆಯದನ್ನು ಜೋಡಿಸಿ ಕಳಿಸಿದೆ. ಕೂಡಲೇ ಫೋನ್ ಬಂತು.

"ಅಕ್ಕಾ, ಇವಳು ಯಾರು ಮಾರಾಯ್ರೆ? ಕೆಂಪು ಲೆಹೆಂಗಾ, ಮೂಗಿನಿಂದ ಕಿವಿಗೆ ಸರಪಳಿ. ನಮ್ಮಲ್ಲಿ ಇಂಥ ಮದುಮಗಳು ಎಲ್ಲಿ ಉಂಟು? ತಲೆಯಲ್ಲಿ ಒಂದು ಚೆಂಡು ಮಲ್ಲಿಗೆ ಸಹ ಇಲ್ಲ!"

ನಾನು ಬೇರೆ ಹುಡುಕುತ್ತೇನೆ ಎಂದೆ. ಮದುಮಗಳು, ಮಲ್ಲಿಗೆ, ರೇಷ್ಮೆ ಸೀರೆ, ದಕ್ಷಿಣ ಎಂದು ಏನೇನು ಹಾಕಿದರೂ ಬಂದದ್ದು ಅವೇ ಲೆಹೆಂಗಾಗಳು. ಮರುದಿನ ಅವಳೇ ದಾರಿ ಹೇಳಿದಳು.

"ಆದಿತ್ಯವಾರ ಇಲ್ಲೇ ಹತ್ತಿರದ ಒಂದು ಹುಡುಗಿಗೆ ಮೇಕಪ್ ಉಂಟು. ವಿಡಿಯೋಕ್ಕೆ ಅವಳು ಒಪ್ಪಿದ್ದಾಳೆ. ನೀವು ಬೆಳಿಗ್ಗೆ ಬಸ್ಸಿಗೆ ಬನ್ನಿ. ಊಟ ನಮ್ಮಲ್ಲಿ. ಸಂಜೆ ಒಳಗೆ ಮನೆಗೆ ಮುಟ್ತೀರಿ."

"ಬರ್ತೇನೆ" ಎಂದುಬಿಟ್ಟೆ. ಯಾವ ಸೀರೆ ಉಡುವುದು, ಕಿಟಕಿಯ ಬೆಳಕು ಹೇಗಿರಬಹುದು, ಬಸ್ಸಿನಲ್ಲಿ ಯಾವ ಬದಿ ಕೂರುವುದು ಎಂದೆಲ್ಲ ಯೋಚಿಸಿದೆ. ಆಮೇಲೆ ಕೆಳಗಿಳಿದು ಅತ್ತೆಗೆ ಹೇಳಿದೆ. ಅತ್ತೆಯನ್ನು ನಾನು ಮಾಮಿ ಎಂದು ಕರೆಯುವುದು.

"ಮಾಮಿ, ಆದಿತ್ಯವಾರ ವೇಣೂರಿಗೆ ಹೋಗಿ ಬರ್ಲಾ? ಕೆಲಸ ಉಂಟು."

ಅವರು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ. "ಹೋಗು. ನಾನು ಬೇಡ ಹೇಳ್ತೇನಾ? ಅವನ ಹತ್ರ ಒಂದು ಮಾತು ಕೇಳು."

ಗಂಡನಿಗೂ ಕೋಪ ಬರಲಿಲ್ಲ. ಅವರು ಸಿಟ್ಟು ಮಾಡುವ ಮನುಷ್ಯ ಅಲ್ಲ. "ಬೇಡ ಅಂತ ಅಲ್ಲ. ಆದರೆ ಅಗತ್ಯ ಎಂತದು? ಎಲ್ಲ ಅದರಲ್ಲೇ ಸಿಗ್ತದೆ ಅಂತ ನೀನೇ ಹೇಳಿದ್ದಲ್ವಾ? ಅಮ್ಮ ಒಬ್ಬರೇ ಆಗ್ತಾರೆ. ನೋಡು, ನಿನಗೆ ಹೇಗೆ ಕಾಣ್ತದೋ ಹಾಗೆ ಮಾಡು."

ನನಗೆ ಹೇಗೆ ಕಾಣುತ್ತದೋ ಹಾಗೆ. ಅವರು ಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ಇಬ್ಬರೂ ಬಾಗಿಲು ತೆರೆದೇ ಇಟ್ಟಿದ್ದರು, ದಾಟಲು ನನ್ನಿಂದ ಆಗಲಿಲ್ಲ. ಶನಿವಾರ ಪಾರ್ಲರಿನವಳಿಗೆ ಫೋನ್ ಮಾಡಿ ಜ್ವರ ಎಂದೆ.

"ಅಯ್ಯೋ. ಇನ್ನೀಗ ಎಂತ ಮಾಡುವ ಅಕ್ಕಾ?"

"ನೀವೇ ತೆಗೀರಿ. ನಾನು ಹೇಳಿಕೊಡ್ತೇನೆ."

ಫೋನ್ ಅಡ್ಡ ಹಿಡಿಯಬಾರದು, ನೆಟ್ಟಗೆ ಹಿಡಿಯಬೇಕು. ಬೆಳಕಿಗೆ ಬೆನ್ನು ಹಾಕಿ ನಿಲ್ಲಬೇಕು. ಮೊದಲು ಕೈ, ಆಮೇಲೆ ಜಡೆ, ಕೊನೆಗೆ ಕನ್ನಡಿಯಲ್ಲಿ ಮುಖ. ಹೇಳಿದ್ದನ್ನೆಲ್ಲ ಅವಳು ಮಾಡಿದಳು. ಆದಿತ್ಯವಾರ ಮಧ್ಯಾಹ್ನ ತುಣುಕುಗಳು ಒಂದೊಂದಾಗಿ ಬಂದವು. ಅಲುಗಾಡುವ ಚಿತ್ರ, ಹಿಂದಿನಿಂದ ಬಸ್ಸಿನ ಹಾರ್ನು, ಪಿನ್ನು ಎಲ್ಲಿ ಎಂದು ಯಾರೋ ತುಳುವಿನಲ್ಲಿ ಕೇಳುವುದು, ಮದುಮಗಳು ನಗು ತಡೆಯಲಾಗದೆ ಕೆನ್ನೆ ಹಿಡಿದುಕೊಳ್ಳುವುದು. ಒಂದರಲ್ಲಿ ಪಾರ್ಲರಿನವಳು ಕ್ಯಾಮೆರಾವನ್ನು ತನ್ನ ಕಡೆಗೆ ತಿರುಗಿಸಿ, "ಅಕ್ಕಾ, ನಿಮಗೆ ಅಂತ ಊಟಕ್ಕೆ ಕೋಳಿ ಪದಾರ್ಥ ಮಾಡಿತ್ತು. ಜ್ವರ ಬಿಟ್ಟಿತಾ?" ಎಂದು ಕೇಳಿದ್ದಳು. ಅದನ್ನು ನೋಡಿ ಲ್ಯಾಪ್‌ಟಾಪ್ ಮುಚ್ಚಿದೆ. ಕಿಟಕಿಯ ಹೊರಗೆ ನದಿ ತನ್ನಷ್ಟಕ್ಕೆ ಹರಿಯುತ್ತಿತ್ತು.

ವಿಡಿಯೋ ಚೆನ್ನಾಗಿ ಓಡಿತು. ಗಂಡನೂ ನೋಡಿ ಮೆಚ್ಚಿ ಫೋನ್ ಮಾಡಿದರು. "ನೋಡು, ಹೋಗದೆಯೇ ಆಯ್ತಲ್ಲ!" ಪ್ರೀತಿಯಿಂದಲೇ ಹೇಳಿದ ಮಾತು. ನನ್ನ ಕೆಲಸ ಒಳ್ಳೆಯದಾದಷ್ಟೂ ನಾನು ಹೊರಗೆ ಹೋಗಬೇಕಾದ ಕಾರಣ ಕಡಿಮೆಯಾಗುತ್ತಿದೆ ಎಂದು ಆಗ ಸ್ಪಷ್ಟವಾಗಿ ತಿಳಿಯಿತು. ಅವರಿಗೆ "ಹೌದು" ಎಂದಷ್ಟೇ ಹೇಳಿದೆ.

ಪಾರ್ಲರಿನ ವಿಡಿಯೋ ನೋಡಿದ ಮೂಡುಬಿದಿರೆಯ ಹೋಟೆಲಿನವರೊಬ್ಬರು ನೀರುದೋಸೆಯ ವಿಡಿಯೋ ಕೇಳಿದರು. ಅವರಿಗೆ ತೆಗೆದು ಕಳಿಸುವಷ್ಟು ಪುರುಸೊತ್ತಿಲ್ಲ. ಹುಡುಕಿದರೆ ಮಸಾಲೆ ದೋಸೆ ಸಿಗುತ್ತದೆ, ಬೇರೆ ದೇಶದ ತೆಳು ರೊಟ್ಟಿಗಳೂ ಸಿಗುತ್ತವೆ, ನೀರುದೋಸೆ ಮಾತ್ರ ಇಲ್ಲ. ನಮ್ಮ ಅಡುಗೆಮನೆಯಲ್ಲೇ ತೆಗೆಯುವ ಎಂದು ಕಾವಲಿ ಇಟ್ಟೆ. ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಹಿಟ್ಟು. ದೋಸೆ ಒಂದು ಕಡೆ ದಪ್ಪ, ಒಂದು ಕಡೆ ಹರಿದು ಬಂತು. ಅತ್ತೆ ಬಾಗಿಲಲ್ಲಿ ನಿಂತು ಎಷ್ಟು ಹೊತ್ತು ನೋಡುತ್ತಿದ್ದರೋ.

"ಹಾಗಾ ಹೊಯ್ಯುವುದು? ಆಚೆ ನಿಲ್ಲು" ಎಂದು ಬಂದು, ಸೆರಗು ಸಿಕ್ಕಿಸಿ, ಹಿಟ್ಟನ್ನು ಕಾವಲಿಯ ಅಂಚಿನಿಂದ ಸುತ್ತ ಎಸೆದರು. ಚುಯ್ ಎಂದಿತು. ಬಲೆಯ ಹಾಗೆ ಕಣ್ಣು ಕಣ್ಣಾಗಿ ದೋಸೆ ಎದ್ದಿತು. "ಮುಖ ಬರ್ಲಿಕ್ಕಿಲ್ಲ ಆಯ್ತಾ?" ಎಂದು ಎರಡೆರಡು ಸಲ ಹೇಳಿದರು. ಆಮೇಲೆ ಅವರೇ, "ಮಡಚುವಾಗ ಸಹ ತೆಗಿ, ಅದೇ ಚಂದ" ಎಂದರು.

ಆ ವಿಡಿಯೋ ತಿರುಗಿ ತಿರುಗಿ ಅತ್ತೆಯ ತಂಗಿಯ ಫೋನಿಗೂ ಹೋಗಿ, ಅಲ್ಲಿಂದ ಅತ್ತೆಗೇ ಬಂತು. ಜಗಲಿಯಲ್ಲಿ ಕೂತು ಮತ್ತೆ ಮತ್ತೆ ನೋಡಿದರು.

"ಈ ಹೋಟ್ಲು ಮೂಡುಬಿದಿರೆಯಲ್ಲಿ ಎಲ್ಲಿ ಉಂಟು? ದೊಡ್ಡದಾ?"

"ನಾನು ನೋಡಿಲ್ಲ ಮಾಮಿ."

"ನೋಡದೆ ಹೇಗೆ ಮಾಡಿದ್ದು ನೀನು?"

"ಹಾಗೆಯೇ ಮಾಡುವುದು."

ಅವರು ಫೋನಿನಿಂದ ತಲೆ ಎತ್ತಿದರು. "ಮದುವೆಯಾದ ಹೊಸತರಲ್ಲಿ ನಿನ್ನ ಮಾವ ಮೂಡುಬಿದಿರೆಗೆ ಕರ್ಕೊಂಡು ಹೋಗ್ತೇನೆ ಹೇಳಿದ್ರು" ಎಂದರು. ಹೋಗಿದ್ದರೋ ಎಂದು ನಾನು ಕೇಳಲಿಲ್ಲ. ಇಷ್ಟು ದಿನ ಅವರನ್ನು ಬಾಗಿಲು ಕಾಯುವವರೆಂದೇ ತಿಳಿದಿದ್ದೆ. ಅವರೂ ಬಾಗಿಲಿನ ಈಚೆಗೇ ಇದ್ದರು, ನನಗಿಂತ ಎಷ್ಟೋ ಮೊದಲಿನಿಂದ.

"ನಾವಿಬ್ಬರೇ ಹೋಗುವ ಮಾಮಿ, ಬಸ್ಸಲ್ಲಿ" ಎಂದೆ.

ಅವರ ಮುಖ ಒಂದು ಕ್ಷಣ ಅರಳಿತು. ಆಮೇಲೆ ಫೋನನ್ನು ಸೆರಗಿನಲ್ಲಿ ಒರೆಸುತ್ತ, "ಅವ ಬರ್ಲಿ. ಕಾರಲ್ಲಿ ಹೋಗುವ" ಎಂದು ಒಳಗೆ ಹೋದರು.

ನಾನು ಮಹಡಿಗೆ ಹತ್ತಿದೆ. ಮಿಜಾರು ಕಡೆಯ ಒಂದು ಹಾಸಿಗೆ ಅಂಗಡಿಯವರಿಗೆ ಸಂಜೆಯೊಳಗೆ ವಿಡಿಯೋ ಕೊಡಬೇಕಿತ್ತು. ಬಿಳಿ ಹೊದಿಕೆ, ಬೆಳಗಿನ ಬಿಸಿಲು, ನಿದ್ದೆಯಿಂದೇಳುವ ಹೆಂಗಸಿನ ಬೆನ್ನು. ಹುಡುಕಿದೆ, ಬೇಕಾದಷ್ಟು ಸಿಕ್ಕಿತು.