ಗಂಗಿಯ ತೂಕ

ತೊಂಬತ್ತೆಂಟೋ ತೊಂಬತ್ತೊಂಬತ್ತೋ, ಇಸವಿ ಸರಿಯಾಗಿ ನೆನಪಿಲ್ಲ. ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ಇನ್ನೂ ಖಾಲಿ ಸೈಟುಗಳಿದ್ದು, ಒಂದೊಂದರಲ್ಲೂ ಜಲ್ಲಿ, ಮರಳಿನ ಗುಡ್ಡೆ ಬೀಳುತ್ತಿದ್ದ ಕಾಲ. ನಾನು ಅಲ್ಲಿ ಅಂಗನವಾಡಿ ಟೀಚರ್ ಆಗಿದ್ದೆ. ಹಳೇ ಊರಿನ ಗೌಡರೊಬ್ಬರು ಎಮ್ಮೆ ಕಟ್ಟುತ್ತಿದ್ದ ಕೊಟ್ಟಿಗೆಗೆ ಸಿಮೆಂಟು ಬಳಿಸಿ ನಮಗೆ ಬಾಡಿಗೆಗೆ ಕೊಟ್ಟಿದ್ದರು. ಮಳೆ ಬಂದರೆ ಗೋಡೆಯಿಂದ ಎಮ್ಮೆ ವಾಸನೆ ಬರುತ್ತಿತ್ತು.

ಟೀಚರ್ ಅನ್ನುವುದು ಹೆಸರಿಗೆ. ಮಕ್ಕಳಿಗೆ ಹಾಡು ಹೇಳಿಕೊಡುವುದು, ಮೂಗು ಒರೆಸುವುದು, ಹಿಟ್ಟಿಗೆ ಬೆಲ್ಲ ಕಲಸಿ ಉಂಡೆ ಕಟ್ಟಿ ಕೊಡುವುದು, ಬಸುರಿಯರ ಮನೆಗೆ ಅಲೆಯುವುದು, ಪೋಲಿಯೋ ಭಾನುವಾರ ಬೂತಿನಲ್ಲಿ ಕೂರುವುದು, ಎಲೆಕ್ಷನ್ ಬಂದರೆ ಬಾಗಿಲು ಬಾಗಿಲು ತಟ್ಟುವುದು, ಎಲ್ಲ ನಮ್ಮ ತಲೆಗೇ. ಇದಕ್ಕೆ ಸಂಬಳ ಅನ್ನುವಂತಿಲ್ಲ, ಗೌರವಧನ ಅನ್ನಬೇಕು. ಗೌರವವೂ ಅಷ್ಟಕ್ಕಷ್ಟೆ, ಧನವೂ ಅಷ್ಟಕ್ಕಷ್ಟೆ.

ತಿಂಗಳಿಗೊಮ್ಮೆ ಮಕ್ಕಳ ತೂಕದ ದಿನ. ಗಡಿಯಾರದಂಥ ಮುಖದ ತಕ್ಕಡಿಯನ್ನು ತೊಲೆಗೆ ನೇತುಹಾಕಿ, ಅದರ ಚಡ್ಡಿಯಂಥ ಚೀಲದಲ್ಲಿ ಮಗುವಿನ ಕಾಲು ತೂರಿಸಿ ತೂಗಬೇಕು. ತೂಕ ತೀರಾ ಕಡಿಮೆ ಇದ್ದ ಮಗುವಿಗೆ ದಿನಾ ಎರಡರಷ್ಟು ಆಹಾರ. ಅದಕ್ಕೆ ಎಲ್ಲರೂ ‘ಡಬಲ್’ ಅನ್ನುತ್ತಿದ್ದರು. ತೂಕ ಸ್ವಲ್ಪ ಮೇಲೆ ಬಂದು ಚಾರ್ಟಿನ ಗೆರೆ ದಾಟಿತೋ, ಡಬಲ್ ನಿಂತಿತು. ಮತ್ತೆ ಶುರು ಮಾಡಬೇಕಾದರೆ ಸೂಪರ್‌ವೈಸರ್ ಬಂದು ನೋಡಿ ಒಪ್ಪಬೇಕು.

ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿತ್ತು. ಅಲ್ಲಿ ಶೆಡ್ ಹಾಕಿಕೊಂಡಿದ್ದವಳು ರಾಯಚೂರು ಕಡೆಯ ನೀಲವ್ವ. ಗಂಡ ಬೇರೆ ಕೆಲಸ ಹುಡುಕಿಕೊಂಡು ಹೋದವನು ಪತ್ತೆಯಿಲ್ಲ. ಇಬ್ಬರು ಹೆಣ್ಣುಮಕ್ಕಳು. ಎರಡು ವರ್ಷದ ಗಂಗಿಗೆ ಡಬಲ್ ಸಿಗುತ್ತಿತ್ತು. ಅವಳನ್ನು ಸೊಂಟದ ಮೇಲೆ ಹೊತ್ತು ತರುತ್ತಿದ್ದ ಅಕ್ಕ ರೇಣುಕಾಗೆ ಏಳು ವರ್ಷ. ಆರು ತುಂಬಿದ ಮಕ್ಕಳಿಗೆ ನಮ್ಮಲ್ಲಿ ಏನೂ ಇಲ್ಲ. ಶಾಲೆಯಲ್ಲಿ ಬಿಸಿಯೂಟ ಆಗಿನ್ನೂ ಬಂದಿರಲಿಲ್ಲ. ಬಂದಿದ್ದರೂ ಅವಳು ಶಾಲೆಗೆ ಹೋಗುವಂತಿರಲಿಲ್ಲ, ತಂಗಿಯನ್ನು ಯಾರಿಗೆ ಬಿಟ್ಟು ಹೋದಾಳು?

ಆಹಾರ ನಮ್ಮ ಕಣ್ಣೆದುರೇ ತಿನ್ನಿಸಬೇಕು ಅಂತ ರೂಲ್ಸು. ರೇಣುಕಾ ಹೊಸಿಲ ಮೇಲೆ ಕೂತು ತಂಗಿಗೆ ತಿನ್ನಿಸುತ್ತಿದ್ದಳು. ಮೂರು ತುತ್ತು ಗಂಗಿಗೆ ಹೋದರೆ ಒಂದು ತುತ್ತು ಅವಳ ಬಾಯಿಗೆ. ನಾನು ಆಗ ಬೇಕೆಂದೇ ಬೋರ್ಡಿನ ಕಡೆ ತಿರುಗಿ ಅ ಆ ಇ ಈ ಬರೆಯುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಗಂಗಿಯ ಕೆನ್ನೆಯಲ್ಲಿ ಸ್ವಲ್ಪ ಮಾಂಸ ಕಂಡಿತು. ತೂಕದ ದಿನ ಅವಳ ತೂಕ ಗೆರೆ ದಾಟಿತು. ನನಗಾದ ಸಂತೋಷ ಹೇಳತೀರದು. ಇಡೀ ದಿನ ದುಡಿದು ಸವೆದರೂ ಕಣ್ಣಿಗೆ ಕಾಣುವಂಥ ಫಲ ನಮಗೆ ಸಿಗುವುದು ಅಪರೂಪ. ಗಂಗಿಯನ್ನು ಎತ್ತಿ ಮುದ್ದಾಡಿ, ‘ನೋಡೇ ರೇಣುಕಾ, ನಿನ್ ತಂಗಿ ಗುಂಡಗಾದ್ಳು! ಇನ್ನು ಇವಳಿಗೆ ಡಬಲ್ ಬೇಕಿಲ್ಲ’ ಅಂದೆ. ರೇಣುಕಾ ನಗಲಿಲ್ಲ. ತಕ್ಕಡಿಯನ್ನೇ ನೋಡುತ್ತ ನಿಂತಿದ್ದಳು.

ಮುಂದಿನ ತೂಕಕ್ಕೆ ಮುಳ್ಳು ಮತ್ತೆ ಕೆಳಗೆ ಬಂದಿತ್ತು. ತಕ್ಕಡಿ ಕೆಟ್ಟಿರಬಹುದೆಂದು ಇನ್ನೊಂದು ಮಗುವನ್ನು ತೂಗಿ ನೋಡಿದೆ. ತಕ್ಕಡಿ ಸರಿಯಾಗಿಯೇ ಇತ್ತು. ಗಂಗಿ ಆಡುತ್ತಿರಲಿಲ್ಲ, ಕೂರಿಸಿದಲ್ಲೇ ಕೂತಿರುತ್ತಿದ್ದಳು, ಅಳುವುದಕ್ಕೂ ಬೇಸರ ಅನ್ನುವಂತೆ.

ಮಾರನೇ ದಿನ ಅವಳನ್ನು ಎತ್ತಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆ. ಮಧ್ಯಾಹ್ನದವರೆಗೆ ಕ್ಯೂನಲ್ಲಿ ನಿಂತೆ. ಡಾಕ್ಟರಮ್ಮ ಕಣ್ಣು, ನಾಲಿಗೆ, ಹೊಟ್ಟೆ ಎಲ್ಲ ನೋಡಿ, ‘ಕಾಯಿಲೆ ಏನಿಲ್ಲಮ್ಮ. ಹೊಟ್ಟೆಗೆ ಬೀಳ್ತಿಲ್ಲ. ಹೀಗೇ ಬಿಟ್ರೆ ಒಂದು ಸಣ್ಣ ಜ್ವರ ಬಂದ್ರೂ ಮಗು ತಡ್ಕೊಳ್ಳಲ್ಲ’ ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ಸಂಜೆ ಮನೆಗೆ ಹೋಗದೆ ನೇರ ಶೆಡ್ಡಿಗೆ ಹೋದೆ. ನೀಲವ್ವ ಆಗಷ್ಟೇ ಕೆಲಸದಿಂದ ಬಂದು, ಸಿಮೆಂಟು ಮೆತ್ತಿದ ಕಾಲು ತೊಳೆಯುತ್ತಿದ್ದಳು.

‘ಏನಮ್ಮಾ ನೀಲವ್ವ, ಮಗೂನ ಉಪವಾಸ ಕೆಡವಿ ಸಾಯಿಸ್ಬೇಕು ಅಂತಿದೀಯಾ?’ ಅಂದೆ.

ಅವಳು ಚೊಂಬು ಕೆಳಗಿಟ್ಟಳು. ‘ಏನ್ ಮಾತ್ರೀ ಅಕ್ಕಾರ ಇದು? ನಸುಕಿನ್ಯಾಗ ಎದ್ದು ಇಬ್ಬರಿಗೂ ರೊಟ್ಟಿ ಮಾಡಿ ಇಟ್ಟೇ ಹೋಗ್ತೀನ್ರಿ. ಸಂಜಿಗೆ ನಾ ಬರೂದ್ರೊಳಗ ಇಕಿ ತಂಗಿಗೆ ತಿನಿಸಿರ್ತಾಳ’ ಎಂದು ರೇಣುಕಾಳ ಕಡೆ ನೋಡಿದಳು.

ರೇಣುಕಾ ಒಳಗೆ ಹೋದಳು. ಬಟ್ಟೆ ಗಂಟಿನ ಹಿಂದಿನಿಂದ ಒಂದು ಹಳೇ ಡಾಲ್ಡಾ ಡಬ್ಬ ತಂದು ನನ್ನ ಮುಂದಿಟ್ಟಳು. ಅದರ ತುಂಬ ಒಣಗಿದ ಜೋಳದ ರೊಟ್ಟಿಯ ಚೂರುಗಳು. ಒಂದನ್ನೂ ಇರುವೆಗೆ ಬಿಡದ ಹಾಗೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು.

‘ಇವೆಲ್ಲ ಗಂಗಿ ಪಾಲಿನವ್ರಿ, ನಾ ಒಂದೂ ತಿಂದಿಲ್ರಿ’ ಅಂದಳು. ‘ಆಕಿ ದಪ್ಪ ಆಗ್ಯಾಳ, ಅದಕ್ಕ ಡಬಲ್ ಇಲ್ಲ ಅಂತ ನೀವಽ ಅಂದ್ರಲ್ರಿ ಟೀಚರ್. ಸಣ್ಣ ಆದ್ರ ಮತ್ತ ಕೊಡ್ತೀರಿ ಅಂತ ಕಮ್ಮಿ ತಿನಿಸೀನ್ರಿ. ತೂಕ ಆದಮ್ಯಾಲೆ ಇವು ಆಕಿಗೇ ಕೊಡಬೇಕಂತ ಇಟ್ಟೀನ್ರಿ.’

ಅವಳ ಮುಖದಲ್ಲಿ ತಪ್ಪು ಮಾಡಿದ ಭಯವಿರಲಿಲ್ಲ. ಮನೆ ನಡೆಸುವ ಹೆಂಗಸು ಖರ್ಚಿನ ವಿವರ ಒಪ್ಪಿಸುವ ಹಾಗೆ ಹೇಳಿದಳು. ನೀಲವ್ವ ಹೊಡೆಯಲು ಕೈ ಎತ್ತಿದವಳು ಹಾಗೇ ಕುಸಿದು ಕೂತಳು.

‘ದಪ್ಪ ಆದ್ರ ಕೊಡಂಗಿಲ್ಲ ಅಂತೀರಿ, ಸಣ್ಣ ಆದ್ರ ಬೈತೀರಿ. ಹ್ಯಾಂಗ ಇರಬೇಕ್ರಿ ಅಕ್ಕಾರ ನಮ್ಮ ಮಕ್ಳು?’ ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಷ್ಟೇ ಇತ್ತು. ನಾನು ಡಬ್ಬದ ಚೂರುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಬೆಲ್ಲ ಹಾಕಿ ಗಂಗಿಗೆ ತಿನ್ನಿಸಿಯೇ ಎದ್ದೆ. ಮಗು ಮೊದಲು ಬಾಯಿ ಬಿಡಲಿಲ್ಲ. ಅಕ್ಕನ ಮುಖ ನೋಡಿತು. ರೇಣುಕಾ ‘ತಿನ್ನು’ ಅಂದ ಮೇಲೆ ತಿಂದಿತು.

ಆ ವಾರವೇ ಸೂಪರ್‌ವೈಸರ್ ಮೇಡಂ ಬಂದರು. ಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದಿದ್ದರು. ನಾನು ನಡೆದದ್ದೆಲ್ಲ ಹೇಳಿ, ‘ತೂಕ ಮೇಲೆ ಬಂದ ತಕ್ಷಣ ನಿಲ್ಲಿಸೋದು ಬೇಡ ಮೇಡಂ. ಸ್ವಲ್ಪ ದಿನ ಹಾಗೇ ಕೊಡೋಣ’ ಅಂದೆ.

‘ನಂಗೊತ್ತಿಲ್ವೇನ್ರೀ? ಸ್ಟಾಕು ಅಳೆದು ಕಳಿಸ್ತಾರೆ, ನಾನೆಲ್ಲಿಂದ ತರ್ಲಿ?’ ಅಂದರು. ಆಮೇಲೆ ಗಂಗಿಯ ಚಾರ್ಟು ನೋಡಿ, ‘ಈಗ ಕೆಳಗೆ ಬಂದಿದೆಯಲ್ಲ, ನಾಳೆಯಿಂದ ಡಬಲ್ ಹಾಕಿ’ ಅಂದರು.

‘ದೊಡ್ಡದಕ್ಕೆ?’

‘ಅದಕ್ಕೆ ಏಳಾಯ್ತಲ್ಲ. ಸ್ಕೂಲಿಗೆ ಸೇರಿಸೋಕೆ ಹೇಳಿ.’

‘ಅದು ಸ್ಕೂಲಿಗೆ ಹೋದ್ರೆ ಚಿಕ್ಕದನ್ನ ಯಾರು ನೋಡ್ಕೋತಾರೆ ಮೇಡಂ?’

ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಕುಡಿಯೋಕೆ ನೀರು ಕೊಡಿ ಅಂದರು. ಅವರನ್ನು ಬೈದು ಪ್ರಯೋಜನವಿರಲಿಲ್ಲ. ಅವರ ಚಪ್ಪಲಿಯೂ ನನ್ನದರ ಹಾಗೆಯೇ ಹಿಮ್ಮಡಿ ಸವೆದಿತ್ತು.

ಮಾರನೇ ದಿನ ಗಂಗಿಯ ತಟ್ಟೆಗೆ ಡಬಲ್ ಹಾಕಿದೆ. ರೇಣುಕಾಳ ಮುಖ ಅರಳಿತು.

‘ನಾ ಮಾಡಿದ್ದು ಸರಿ ಆತಿಲ್ರಿ, ಟೀಚರ್?’ ಅಂದಳು.

ಸರಿ ಅನ್ನಲೇ, ತಪ್ಪು ಅನ್ನಲೇ? ತಂಗಿಯ ಜೀವಕ್ಕೇ ಕುತ್ತು ತರುತ್ತಿದ್ದಳು. ಆದರೆ ಸರ್ಕಾರದ ಲೆಕ್ಕವನ್ನು ಅವಳು ಒಂದಿಷ್ಟೂ ತಪ್ಪಿಲ್ಲದೆ ಅರ್ಥ ಮಾಡಿಕೊಂಡಿದ್ದಳು. ಇನ್ನು ಮೇಲೆ ಹಾಗೆ ಮಾಡಬಾರದು ಅಂತ ತಂಗಿಯ ತಲೆ ಮುಟ್ಟಿಸಿ ಆಣೆ ಹಾಕಿಸಿದೆ. ಅವತ್ತಿನಿಂದ ನನ್ನ ಬುತ್ತಿಯಲ್ಲಿ ಅವಳಿಗೂ ಒಂದು ತುತ್ತು ಹೆಚ್ಚಿಗೆ ಕಟ್ಟಿಕೊಂಡು ಹೋಗುತ್ತಿದ್ದೆ. ಅವಳಂಥವರು ಆ ಬೀದಿಯಲ್ಲೇ ಎಷ್ಟು ಜನ ಇದ್ದರೋ, ಎಲ್ಲರಿಗೂ ನನ್ನ ಡಬ್ಬಿ ಸಾಲುವುದೆಲ್ಲಿ?

ಸಂಕ್ರಾಂತಿ ಕಳೆದ ಮೇಲೆ ಮನೆಯ ತಾರಸಿ ಮುಗಿಯಿತು. ಒಂದು ಸೋಮವಾರ ಹೋಗಿ ನೋಡಿದರೆ ಶೆಡ್ ಇದ್ದ ಕಡೆ ಮೂರು ಕಲ್ಲಿನ ಒಲೆ ಮಾತ್ರ ಇತ್ತು. ಬಿಟಿಎಂ ಲೇಔಟ್ ಕಡೆ ಕೆಲಸ ಸಿಕ್ಕಿತಂತೆ ಅಂತ ಮೇಸ್ತ್ರಿ ಹೇಳಿದ. ಅಲ್ಲಿ ಅಂಗನವಾಡಿ ಇತ್ತೋ, ಅಲ್ಲಿನ ಟೀಚರ್ ಬೋರ್ಡಿನ ಕಡೆ ತಿರುಗುತ್ತಿದ್ದಳೋ ಇಲ್ಲವೋ, ನನಗೆ ತಿಳಿಯಲಿಲ್ಲ.

ಆಮೇಲೆ ಶಾಲೆಗಳಿಗೆ ಬಿಸಿಯೂಟ ಬಂತು. ಗೌಡರ ಕೊಟ್ಟಿಗೆ ಹೋಗಿ ಅಂಗಡಿ ಸಾಲು ಎದ್ದಿತು. ನಾನೂ ರಿಟೈರ್ ಆಗುವವರೆಗೆ ನೂರಾರು ಮಕ್ಕಳನ್ನು ತೂಗಿದೆ. ಮುಳ್ಳು ಮೇಲೇರಿದಾಗಲೆಲ್ಲ ಖುಷಿಯಾಗುತ್ತಿತ್ತು, ಯಾಕೆ ಸುಳ್ಳು ಹೇಳಲಿ. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಮೊದಲು, ಬಾಗಿಲ ಹತ್ತಿರ ಯಾರಾದರೂ ಅಕ್ಕ ನಿಂತಿದ್ದಾಳೇನೋ ಎಂದು ಒಮ್ಮೆ ತಿರುಗಿ ನೋಡುತ್ತಿದ್ದೆ.