ಸುಣ್ಣ ಬಳಿದ ಎಂಟು ಮರಗಳು

ಅಪ್ಪ ಅಮ್ಮ ಬೇರೆಯಾದ ವರ್ಷ ನಾನು ಹತ್ತನೇ ತರಗತಿ ಮುಗಿಸಿದ್ದೆ, ತಂಗಿ ಏಳನೆಯದು. ಅವರು ಯಾಕೆ ಬೇರೆಯಾದರು ಎಂಬುದು ಅವರಿಬ್ಬರ ವಿಷಯ, ಅದನ್ನು ನಾನು ಬರೆಯುವುದಿಲ್ಲ. ನನಗೆ ಬರೆಯಲು ಹಕ್ಕಿರುವುದು ಆಮೇಲೆ ನಮ್ಮಿಬ್ಬರ ಖರ್ಚಿಗೆಂದು ಮಾಡಿದ ಏರ್ಪಾಡಿನ ಬಗ್ಗೆ ಮಾತ್ರ.

ಅಮ್ಮ ನಮ್ಮನ್ನು ಕರೆದುಕೊಂಡು ಮುಳಬಾಗಿಲಿಗೆ ಬಂದು ಒಂದು ಕೋಣೆ, ಅಡುಗೆಮನೆಯ ಬಾಡಿಗೆ ಮನೆ ಹಿಡಿದಳು. ಬಟ್ಟೆ ಅಂಗಡಿಯೊಂದಕ್ಕೆ ರವಿಕೆ ಹೊಲಿದುಕೊಡುತ್ತಿದ್ದಳು. ಅದರಲ್ಲಿ ಬಾಡಿಗೆ, ಊಟ ಸಾಗುತ್ತಿತ್ತು, ಓದು ಸಾಗುತ್ತಿರಲಿಲ್ಲ. ಅದಕ್ಕಾಗಿ ಎರಡೂ ಕಡೆಯ ಹಿರಿಯರು ಯಲ್ದೂರಿನ ಹತ್ತಿರ ಅಪ್ಪನ ಊರಿನಲ್ಲಿ, ಹಾಲಿನ ಡೇರಿಯ ಜಗಲಿಯ ಮೇಲೆ, ಒಂದು ಭಾನುವಾರ ಕೂತರು. ಅಪ್ಪನ ಕಡೆಯಿಂದ ಅವರ ದೊಡ್ಡಪ್ಪ, ಅಂದರೆ ನಮ್ಮ ದೊಡ್ಡತಾತ; ನಮ್ಮ ಕಡೆಯಿಂದ ಆವನಿಯ ಹತ್ತಿರದ ಸೋದರಮಾವ. ನಾನು ಅಮ್ಮನ ಪಕ್ಕದಲ್ಲಿದ್ದೆ. ಮಾವ ತಿಂಗಳಿಗಿಷ್ಟು ಎಂದು ಕೇಳಿದರು. ಅಪ್ಪ ಆಗದೆಂದು ತಲೆಯಾಡಿಸಿದರು. ತಿಂಗಳ ಸಂಬಳದವನಲ್ಲ, ದುಡ್ಡು ಕಾಣುವುದೇ ವರ್ಷಕ್ಕೊಂದು ಸಲ, ಮಾವು ಬಿದ್ದಾಗ ಎಂದರು. ಅದು ಸುಳ್ಳಾಗಿರಲಿಲ್ಲ.

ಆಗ ದೊಡ್ಡತಾತ ಎಲೆಯಡಿಕೆ ಉಗುಳಿ ಬಂದು ಹೇಳಿದರು: "ದುಡ್ಡು ಅಂದ್ರೆ ಇವನು ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ ಅಂತಾನೆ. ಮಕ್ಕಳಿಗೆ ಎಂಟು ಮರ ಬಿಟ್ಕೊಡ್ಲಿ. ಬೇನಿಷಾ ಮಾವು, ಒಳ್ಳೆ ಕಾಪಿನ ಮರ, ವರ್ಷಾವರ್ಷ ಕಾಯಿ ಬಿಡ್ತವೆ. ಹಣ್ಣು ಮಾರ್ಕೊಂಡು ಓದ್ಕೊಳ್ಲಿ. ಏನಮ್ಮಾ, ಮರಗಳೇನು ಕುಡಿದು ಬಂದು ಜಗಳ ಆಡ್ತಾವಾ?"

ಕೆಲವರು ನಕ್ಕರು. ಅಮ್ಮ ನಗಲಿಲ್ಲ, ಆದರೆ ಒಪ್ಪಿದಳು. ಪ್ರತಿ ತಿಂಗಳೂ ಫೋನ್ ಮಾಡಿ ಕೈಯೊಡ್ಡುವುದಕ್ಕಿಂತ ವರ್ಷಕ್ಕೊಮ್ಮೆ ಮರದ ಕೆಳಗೆ ಹೋಗಿ ನಿಲ್ಲುವುದು ಮೇಲು ಎಂದು ಬಸ್ಸಿನಲ್ಲಿ ನನಗೆ ಹೇಳಿದಳು. ನೆಲ ಅಪ್ಪನದು, ಎಂಟು ಮರದ ಹಣ್ಣು ನಮ್ಮದು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿದರು.

ಮರುವಾರ ಅಪ್ಪ ತಾವೇ ಸುಣ್ಣ ಕಲಸಿ ಆ ಎಂಟು ಮರಗಳ ಬುಡಕ್ಕೆ ಪಟ್ಟಿ ಬಳಿದರು ಎಂದು ಆಮೇಲೆ ತಿಳಿಯಿತು. ಮಕ್ಕಳ ಕಾಯಿಯನ್ನು ಯಾರೂ ಮರೆತು ಕೀಳಬಾರದು ಎಂದು.

ಶ್ರೀನಿವಾಸಪುರದ ಕಡೆ ತೋಪಿನ ಫಸಲನ್ನು ಮರದ ಮೇಲೆಯೇ ಮಾರಿಬಿಡುವುದು ರೂಢಿ. ಕೊಂಡವರು ಮುಂಗಡ ಕೊಟ್ಟು, ಆಮೇಲಿನ ಔಷಧಿ, ಕಾವಲು, ಕೊಯ್ಲು ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತಾರೆ. ಮೊದಲ ಎರಡು ವರ್ಷ ಅಪ್ಪನ ತೋಪನ್ನೂ ನಮ್ಮ ಎಂಟು ಮರಗಳನ್ನೂ ಒಬ್ಬರೇ ವ್ಯಾಪಾರಿ ಕೊಂಡರು, ದುಡ್ಡನ್ನು ಬೇರೆ ಬೇರೆ ಕೊಟ್ಟರು. ಹೂ ಉದುರಿ ಪಿಂದೆ, ಅಂದರೆ ಎಳೆ ಮಿಡಿ, ಕಟ್ಟುವ ಹೊತ್ತಿಗೆ ನಾನೂ ಅಮ್ಮನೂ ಹೋಗಿ ಮಾತಾಡಿ ಬರುತ್ತಿದ್ದೆವು. ಅಪ್ಪ ಪಂಪ್‌ಸೆಟ್ಟಿನ ಮನೆಯ ಹತ್ತಿರ ನಿಂತಿರುತ್ತಿದ್ದರು. ಊಟ ಆಯಿತಾ ಎಂದು ಕೇಳುತ್ತಿದ್ದರು. ನಾನು ಆಯಿತು ಎನ್ನುತ್ತಿದ್ದೆ. ಒಂದು ಸಲ ತಂಗಿಗೆಂದು ಎರಡು ಎಳನೀರು ಕಟ್ಟಿಕೊಟ್ಟರು. ಆ ಭೇಟಿಗಾಗಿ ನಾನು ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದೆ ಎಂಬುದನ್ನು ಅಮ್ಮ ಗಮನಿಸಿದ್ದಳು.

ಆ ಎರಡು ವರ್ಷದ ಹಣದಲ್ಲಿ ನನ್ನ ಪಿಯುಸಿ ಮುಗಿಯಿತು. ಕೋಲಾರದಲ್ಲಿ ಪದವಿಗೆ ಸೇರಿದೆ, ಹಾಸ್ಟೆಲ್ ಸಿಕ್ಕಿತು, ವಿದ್ಯಾರ್ಥಿವೇತನವೂ ಬಂತು. ಮೂರನೆಯ ವರ್ಷದ ಫಸಲು ತಂಗಿಯದು ಎಂದು ನಾವು ಮೂವರೂ ನಿಶ್ಚಯಿಸಿದ್ದೆವು. ಅವಳು ಹತ್ತನೆಯದರಲ್ಲಿದ್ದಳು. ವಿಜ್ಞಾನ ತೆಗೆದುಕೊಳ್ಳಬೇಕೆಂದಿದ್ದಳು, ಆ ಕಾಲೇಜಿನ ಶುಲ್ಕ ಅಮ್ಮನ ಹೊಲಿಗೆಯಲ್ಲಿ ಹುಟ್ಟುವಂಥದ್ದಲ್ಲ.

ಆ ವರ್ಷ ಅಪ್ಪ ತಮ್ಮ ತೋಪನ್ನು ಹೂ ಬಿಡುವ ಮೊದಲೇ ಹೊರಗಿನ ಒಬ್ಬ ಹೊಸ ವ್ಯಾಪಾರಿಗೆ ಕೊಟ್ಟಿದ್ದರು. ನಮ್ಮ ಮರಗಳನ್ನು ನಿಮಗೇ ಕೊಡುತ್ತೇವೆ ಎಂದು ಅಮ್ಮ ಹಳೆಯ ವ್ಯಾಪಾರಿಗೆ ಹೇಳಿದ್ದಳು, ಅವರು ಎಂದಿನಂತೆ ಪಿಂದೆ ನೋಡಿ ದರ ಹೇಳುತ್ತೇನೆ ಎಂದಿದ್ದರು. ನಾವು ಹೋದಾಗ ತೋಪಿನ ತುಂಬ ಸಾಸಿವೆ ಗಾತ್ರದಿಂದ ಕಡಲೆ ಗಾತ್ರದವರೆಗೆ ಪಿಂದೆ ನಿಂತಿತ್ತು. ನಮ್ಮ ಎಂಟು ಮರಗಳಲ್ಲಿ ಹೂಗೊಂಚಲುಗಳು ಕಪ್ಪಾಗಿ ಸುಟ್ಟ ಹಾಗಿದ್ದವು. ಎಲೆಗಳ ಮೇಲೆ ಜಿಗಿಹುಳುವಿನ ಅಂಟು ಹೊಳೆಯುತ್ತಿತ್ತು. ಜೊತೆಗೆ ಬಂದಿದ್ದ ಹಳೆಯ ವ್ಯಾಪಾರಿ ಒಂದು ಗೊಂಚಲನ್ನು ಬೆರಳಲ್ಲಿ ಉಜ್ಜಿ ಅಮ್ಮನಿಗೆ ತೋರಿಸಿದರು.

"ಇದಕ್ಕೆ ಔಷಧೀನೇ ಬಿದ್ದಿಲ್ವಲ್ಲಮ್ಮಾ. ಒಂದ್ಸಲಾನೂ ಬಿದ್ದಿಲ್ಲ."

ಪಂಪ್‌ಸೆಟ್ಟಿನ ಕಡೆಯಿಂದ ಅಪ್ಪ ಬಂದರು. ಮರಗಳನ್ನು ತಲೆಯೆತ್ತಿ ನೋಡಿದರು. ಅವರ ಮುಖ ನೋಡಿದರೆ ಅದೇ ಮೊದಲ ಸಲ ನೋಡುತ್ತಿದ್ದಾರೆಂದು ನನಗೆ ಗೊತ್ತಾಯಿತು. ಹೊಸ ವ್ಯಾಪಾರಿಯ ಆಳುಗಳು ಟ್ರ್ಯಾಕ್ಟರ್‌ನಲ್ಲಿ ಡ್ರಮ್ಮು ತಂದು ಈ ಎಂಟು ಮರ ಬಿಟ್ಟು ಉಳಿದ ತೋಪಿಗೆಲ್ಲ ಎರಡು ಸಲ ಔಷಧಿ ಹೊಡೆದಿದ್ದರು.

"ಸುಣ್ಣ ಇರೋ ಮರ ನನ್ ಮಕ್ಕಳದು, ಮುಟ್ಬೇಡ್ರಪ್ಪಾ ಅಂದಿದ್ದೆ," ಎಂದರು ಅಪ್ಪ. "ಕಾಯಿ ಮುಟ್ಬೇಡಿ ಅಂತ ಅಂದಿದ್ದು."

"ನೀವು ನೋಡ್ಲಿಲ್ವಾ?" ಎಂದು ಅಮ್ಮ ಕೇಳಿದಳು. ಮೂರು ವರ್ಷದಲ್ಲಿ ಅವಳು ಅವರೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

"ತೋಪು ಅವರ ಕೈಗೆ ಕೊಟ್ಮೇಲೆ ಈ ಕಡೆ ಬರ್ತಿರ್ಲಿಲ್ಲ."

ಹಾಳೆಯಲ್ಲಿ ಹಣ್ಣು ಯಾರದು ಎಂದು ಬರೆದಿದ್ದ ಹಿರಿಯರೆಲ್ಲ ಹುಟ್ಟಿದಾಗಿನಿಂದ ಮಾವು ಬೆಳೆದವರು. ಔಷಧಿ ಯಾರು ಹೊಡೆಯಬೇಕು ಎಂದು ಬರೆಯಬೇಕೆಂದು ಅವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಮಗೂ ಹೊಳೆದಿರಲಿಲ್ಲ. ಹಿಂದಿನ ಎರಡು ವರ್ಷ ಹೂವಿನ ಹೊತ್ತಿಗೆ ಅಪ್ಪ ಇಡೀ ತೋಪಿಗೆ ಔಷಧಿ ಹೊಡೆಸುವಾಗ ಅದು ತಾನಾಗಿ ಆಗಿಹೋಗಿತ್ತು. ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಲು ನಾನು ತುಂಬ ಪ್ರಯತ್ನಿಸಿದೆ. ಪಂಪ್‌ಸೆಟ್ಟಿನಿಂದ ಆ ಮರಗಳಿಗೆ ಹೆಚ್ಚೆಂದರೆ ಅರವತ್ತು ಹೆಜ್ಜೆ. ಹೂ ಬಿಡುವ ತಿಂಗಳಿಡೀ ಅವರಿಗೆ ಆ ಅರವತ್ತು ಹೆಜ್ಜೆ ಇಡಬೇಕೆನಿಸಿರಲಿಲ್ಲ. ಅದನ್ನು ನೆನೆದಾಗ ಆಗುವುದನ್ನು ಸಿಟ್ಟು ಎನ್ನುವುದೋ ಏನೆನ್ನುವುದೋ ನನಗೆ ಇವತ್ತಿಗೂ ತಿಳಿದಿಲ್ಲ.

ದೊಡ್ಡತಾತ ಮುಂದಿನ ವರ್ಷ ಹನ್ನೆರಡು ಮರ ಮಾಡಿಸೋಣ ಎಂದು ಹೇಳಿಕಳಿಸಿದರು. ತಂಗಿ ಕಾಲೇಜಿಗೆ ಸೇರಬೇಕಾಗಿದ್ದು ಅದೇ ವರ್ಷ, ಮುಂದಿನ ವರ್ಷವಲ್ಲ. ಅವಳು ಯಾರಿಗೂ ಹೇಳದೆ ಹೊಲಿಗೆ ಕಲಿಯಲು ಅಮ್ಮನ ಪಕ್ಕ ಕೂರತೊಡಗಿದ್ದಳು. ಕಾಜಾ ಮಾಡುವುದನ್ನು ಕಲಿತೂಬಿಟ್ಟಿದ್ದಳು. ಒಂದು ಶನಿವಾರ ಹಾಸ್ಟೆಲಿನಿಂದ ಬಂದು ಅದನ್ನು ನೋಡಿದ ಮೇಲೆ, ನಾನು ಕೋಲಾರದಲ್ಲಿ ಒಬ್ಬ ವಕೀಲೆಯನ್ನು ಹುಡುಕಿದೆ.

ಅಪ್ಪನಿಂದ ಜೀವನಾಂಶ ಕೇಳುವ ಅರ್ಜಿಗೆ ವಕೀಲರು ಖರ್ಚಿನ ವಿವರ ಕೇಳಿದರು. ಶುಲ್ಕ, ಪುಸ್ತಕ, ಬಸ್ ಪಾಸ್, ಕನ್ನಡಕ ಎಂದು ನಾನು ಒಂದೊಂದಾಗಿ ಬರೆದುಕೊಟ್ಟೆ. ಅವರು ಓದಿ, ಅಚ್ಚುಕಟ್ಟಾಗಿ ಬರೆದಿದ್ದೀಯ ಎಂದರು. ಆಮೇಲೆ, "ನಿನ್ನ ಹೆಸರು ಇದರಲ್ಲಿ ಬರಲ್ಲಮ್ಮಾ, ಹದಿನೆಂಟು ದಾಟಿದೆ. ಬೇಕಾದ್ರೆ ನಿಂದೇ ಬೇರೆ ಅರ್ಜಿ ಹಾಕೋಣ," ಎಂದರು. ನಾನು ಬೇಡ ಎಂದೆ. ತಂಗಿಗೆ ಆದರೆ ಸಾಕಾಗಿತ್ತು.

ಅಪ್ಪ ವಕೀಲರನ್ನು ಇಟ್ಟುಕೊಳ್ಳಲಿಲ್ಲ. ಮೊದಲ ದಿನ ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ಅವರ ಹೆಸರನ್ನು ಮೂರು ಸಲ ಕೂಗಿದಾಗ ಅಮ್ಮ ನೆಲ ನೋಡಿದಳು. ಕಾಲೇಜಿನವರು ಅರ್ಧ ಶುಲ್ಕ ಕಟ್ಟಿಸಿಕೊಂಡು ಉಳಿದದ್ದಕ್ಕೆ ಆಗಸ್ಟ್‌ವರೆಗೆ ಸಮಯ ಕೊಟ್ಟಿದ್ದರು. ಆ ಅರ್ಧ ನನ್ನ ವಿದ್ಯಾರ್ಥಿವೇತನ. ಜುಲೈ ಕೊನೆಯಲ್ಲಿ, ಸಂಧಾನದ ಕೋಣೆಯಲ್ಲಿ, ನಾವು ಕೇಳಿದ ಮೊತ್ತಕ್ಕೆ ಅಪ್ಪ ಚೌಕಾಸಿ ಮಾಡದೆ ಒಪ್ಪಿದರು. ತಿಂಗಳು ತಿಂಗಳು ಬ್ಯಾಂಕಿಗೆ, ಮರಗಳು ವಾಪಸ್ಸು. ಶುಲ್ಕ ಗಡುವಿನೊಳಗೆ ಸಂದಾಯವಾಯಿತು. ತಂಗಿ ಈಗ ಎರಡನೇ ಪಿಯುಸಿ. ಅಪ್ಪ ಇವತ್ತಿನವರೆಗೆ ಒಂದು ತಿಂಗಳೂ ತಪ್ಪಿಸಿಲ್ಲ. ಹಣ ಬಂದಿದೆಯೆಂದು ಅಮ್ಮನ ಫೋನಿಗೆ ಬ್ಯಾಂಕಿನ ಸಂದೇಶ ಬರುತ್ತದೆ. ಅವರನ್ನು ಹೋಗಿ ನೋಡಬೇಕಾದ ಕೆಲಸ ನಮಗೆ ಉಳಿದಿಲ್ಲ.

ಕೊನೆಯ ಸಲ ನೋಡಿದ್ದು ಅದೇ ಜುಲೈಯಲ್ಲಿ, ಸಹಿ ಹಾಕಿ ಹೊರಬಂದ ಮೇಲೆ. ಅಮ್ಮ ವಕೀಲರೊಡನೆ ಜೆರಾಕ್ಸ್ ಮಾಡಿಸಲು ಹೋಗಿದ್ದಳು. ಅಪ್ಪ ತಮ್ಮ ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಾಲಿನ ಕೆಳಗೆ ಬೆರಳಾಡಿಸುತ್ತ ಓದುತ್ತಿದ್ದರು. ಕೊನೆಯವರೆಗೆ ಓದಿ ಮತ್ತೆ ಮೊದಲ ಪುಟಕ್ಕೆ ಬಂದರು.

"ಚಿಕ್ ಪಾಪಂದು ಐತೆ," ಎಂದರು. "ನಿನ್ ಹೆಸರು ಎಲ್ಲೂ ಕಾಣ್ತಿಲ್ವಲ್ಲಮ್ಮಾ."

"ನಂದು ಬರಲ್ಲಪ್ಪಾ. ನಂಗೆ ಹದಿನೆಂಟು ಆಯ್ತು."

ಅವರು ಕಾಗದದಿಂದ ತಲೆಯೆತ್ತಿ ನನ್ನನ್ನು ನೋಡಿದರು.

"ಯಾವಾಗ?"

"ಹೋದ ಡಿಸೆಂಬರಲ್ಲಿ."

ಓ, ಎಂದರು. ಕಾಗದವನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಅಷ್ಟರಲ್ಲಿ ಅಮ್ಮ ಮೆಟ್ಟಿಲು ಹತ್ತಿ ಬರುವುದು ಕಾಣಿಸಿತು. ಅಪ್ಪ ಇನ್ನೊಂದು ಕಡೆಯ ಮೆಟ್ಟಿಲಿನಿಂದ ಇಳಿದುಹೋದರು.